ಮರುಕ ಬೇಡದ ಮನಸ್ಸು: ಜಾರ್ಜ್ ಎಲಿಯಟ್ ಅವರ ಫಿಲಿಪ್ ವೇಕಮ್

ವಿಷಯ ಮತ್ತು ಪದಗಳು

ವಿಕ್ಟೋರಿಯಾ ರಾಣಿ ಆಳಿದ 1837ರಿಂದ 1901ರವರೆಗಿನ ಅವಧಿಯ ಇಂಗ್ಲಿಷ್ ಕಾದಂಬರಿಗಳಲ್ಲಿ ದೇಹದ ನ್ಯೂನತೆಯುಳ್ಳ ಪಾತ್ರಗಳು ಮತ್ತೆ ಮತ್ತೆ ಎದುರಾಗುತ್ತವೆ, ಮತ್ತು ಅವುಗಳಲ್ಲಿ ಬಹುಪಾಲು ಎರಡು ಅಚ್ಚುಗಳಲ್ಲಿ ಎರಕಗೊಂಡಿವೆ. ಚಾರ್ಲ್ಸ್ ಡಿಕನ್ಸ್ 1840–41ರಲ್ಲಿ ಬರೆದ 'ದಿ ಓಲ್ಡ್ ಕ್ಯೂರಿಯಾಸಿಟಿ ಶಾಪ್' ಕಾದಂಬರಿಯ ಕುಳ್ಳ ಕ್ವಿಲ್ಪ್, ದೇಹದ ವಿಕಾರವೇ ಮನಸ್ಸಿಗೂ ಇಳಿದಂತಿರುವ ದುಷ್ಟ. ಅವರೇ 1843ರಲ್ಲಿ ಬರೆದ 'ಎ ಕ್ರಿಸ್ಮಸ್ ಕ್ಯಾರಲ್' ಕಥೆಯ ಊರುಗೋಲಿನ ಬಾಲಕ ಟೈನಿ ಟಿಮ್, ಸುತ್ತಲಿನವರ ಎದೆ ಕರಗಿಸುವುದಕ್ಕೆಂದೇ ಹುಟ್ಟಿಬಂದಂತಿರುವ ಪುಟ್ಟ ಸಂತ. ಮೇಲುನೋಟಕ್ಕೆ ಈ ಇಬ್ಬರೂ ಎದುರು ಬದುರು ನಿಂತವರಾದರೂ ಇಬ್ಬರ ಹಿಂದಿರುವ ನಂಬಿಕೆ ಒಂದೇ: ದೇಹವನ್ನು ನೋಡಿದರೆ ಸಾಕು, ಒಳಗಿನ ಮನುಷ್ಯ ಎಂಥವನೆಂದು ತಿಳಿದುಬಿಡುತ್ತದೆ ಎಂಬುದು. ಈ ನಂಬಿಕೆಯನ್ನು ಒಳಗಿನಿಂದ ಬಿಚ್ಚಿ ನೋಡಿದ ಪಾತ್ರ ಜಾರ್ಜ್ ಎಲಿಯಟ್ ಅವರ 'ದಿ ಮಿಲ್ ಆನ್ ದ ಫ್ಲಾಸ್' ಕಾದಂಬರಿಯ ಫಿಲಿಪ್ ವೇಕಮ್. ಈ ಉಪನ್ಯಾಸದ ವಸ್ತುವೂ ಅವನೇ.

ಕನ್ನಡದಲ್ಲಿ ಈ ವಿಷಯವನ್ನು ಚರ್ಚಿಸಲು ಹೊರಟಾಗ ಪದಗಳೇ ಮೊದಲ ತೊಡಕಾಗುತ್ತವೆ. ಫಿಲಿಪನನ್ನು ಕಂಡ ಹುಡುಗರು ಮನಸ್ಸಿನಲ್ಲಿ ಅಂದುಕೊಳ್ಳುವ ಪದಕ್ಕೆ 'ಗೂನ' ಎಂಬುದೇ ಕನ್ನಡದ ನೇರ ಮಾತು. ಕುಂಟ, ಕುರುಡ ಎಂಬ ಮಾತುಗಳಂತೆ ಇದೂ ಒಂದು ಅಂಗವನ್ನು ಹಿಡಿದು ಇಡೀ ಮನುಷ್ಯನಿಗೆ ಹೆಸರಿಡುತ್ತದೆ. ಹಾಗೆ ಕರೆದ ಮೇಲೆ ಅವನಲ್ಲಿ ನೋಡಬೇಕಾದದ್ದು ಬೇರೇನೂ ಉಳಿಯುವುದಿಲ್ಲ. ಇದರ ಒರಟುತನವನ್ನು ತಪ್ಪಿಸಲು 'ಅಂಗವಿಕಲ' ಎಂಬ ಪದವೂ, ಈಚೆಗೆ ಕರ್ನಾಟಕದ ಆಡಳಿತ ಭಾಷೆಯಲ್ಲಿ 'ವಿಕಲಚೇತನ' ಎಂಬ ಪದವೂ ಬಳಕೆಗೆ ಬಂದವು. ಆದರೆ ಗೌರವದಿಂದಲೇ ರೂಪಿಸಿದ ಈ ಎರಡನೆಯ ಪದವನ್ನು ಬಿಡಿಸಿದರೆ, ಅಂಗದಲ್ಲಿದ್ದ ಕೊರತೆ ಚೇತನಕ್ಕೆ ವರ್ಗವಾದಂತಾಗುತ್ತದೆ ಎಂಬುದು ಗಮನಿಸಬೇಕಾದ ಸಂಗತಿ. ಫಿಲಿಪನ ಬದುಕಿನ ದೊಡ್ಡ ನೋವೂ ಇದೇ, ಏಕೆಂದರೆ ಬಾಗಿದ್ದು ಅವನ ಬೆನ್ನು, ಆದರೆ ಜನ ಅಳೆದದ್ದು ಅವನ ಚೇತನವನ್ನು.

ಬೇಕನ್‌ನಿಂದ ಹೇವರೆಗೆ

ದೇಹದ ವಿಕಾರ ಮನಸ್ಸಿನ ವಿಕಾರದ ಗುರುತೆಂಬ ಭಾವನೆ ಹಳೆಯದು ಮತ್ತು ಒಂದೇ ದೇಶಕ್ಕೆ ಸೇರಿದ್ದಲ್ಲ. ಕೈಕೇಯಿಯ ಕಿವಿಯಲ್ಲಿ ವಿಷ ಬಿತ್ತುವ ದಾಸಿ ಮಂಥರೆ ಗೂನುಬೆನ್ನಿನವಳೆಂದು ರಾಮಾಯಣವನ್ನು ಕೇಳಿದ ಮಕ್ಕಳೆಲ್ಲ ಬಲ್ಲರು. ಇಂಗ್ಲೆಂಡಿನಲ್ಲಿ ಶೇಕ್ಸ್‌ಪಿಯರ್‌ನ ಮೂರನೆಯ ರಿಚರ್ಡ್ ತನ್ನ ದೇಹ ಪ್ರೇಮಕ್ಕೆ ಒಗ್ಗದ್ದರಿಂದ ಖಳನಾಗುವೆನೆಂದು ತಾನೇ ಸಾರಿಕೊಂಡವನು. ಈ ಭಾವನೆಗೆ ತಾತ್ವಿಕ ಮಾತಿನ ತೊಡುಗೆ ತೊಡಿಸಿದವರು ಫ್ರಾನ್ಸಿಸ್ ಬೇಕನ್. ಅವರ ಪ್ರಬಂಧಗಳ 1612ರ ಆವೃತ್ತಿಯಲ್ಲಿ ಸೇರಿದ, ಅಂಗವಿಕಾರವನ್ನು ಕುರಿತ ಒಂದು ಪುಟ್ಟ ಪ್ರಬಂಧವು, ಪ್ರಕೃತಿ ತಮಗೆ ಮಾಡಿದ ಅನ್ಯಾಯವನ್ನು ಇಂಥವರು ತೀರಿಸಿಕೊಳ್ಳುತ್ತಾರೆಂದೂ, ಇವರಲ್ಲಿ ಸಹಜವಾದ ಮಮತೆ ಬತ್ತಿರುತ್ತದೆಂದೂ, ಇತರರ ತಾತ್ಸಾರದಿಂದ ಪಾರಾಗಲು ಇವರು ಸದಾ ಇತರರ ದೌರ್ಬಲ್ಯವನ್ನು ಹುಡುಕುತ್ತಿರುತ್ತಾರೆಂದೂ ವಾದಿಸುತ್ತದೆ.

ಇದಕ್ಕೆ ಉತ್ತರ ಬಂದದ್ದು 1754ರಲ್ಲಿ. ಬ್ರಿಟಿಷ್ ಪಾರ್ಲಿಮೆಂಟಿನ ಸದಸ್ಯರಾಗಿದ್ದ, ತಾವೇ ಗೂನುಬೆನ್ನಿನವರಾಗಿದ್ದ ವಿಲಿಯಂ ಹೇ ಅವರು ಅಂಗವಿಕಾರವನ್ನೇ ವಸ್ತುವಾಗಿಸಿಕೊಂಡು ಒಂದು ಪ್ರಬಂಧವನ್ನು ಪ್ರಕಟಿಸಿ, ತಮ್ಮ ದೇಹವನ್ನೂ ಅದರೊಡನೆ ಬಾಳಿದ ಬಗೆಯನ್ನೂ ಮುಚ್ಚುಮರೆಯಿಲ್ಲದೆ ವಿವರಿಸಿ, ಬೇಕನ್‌ರ ಮಾತು ತಮ್ಮಂಥವರಿಗೆ ಹೇಗೆ ಹೊಂದುವುದಿಲ್ಲವೆಂದು ತೋರಿಸಿದರು. ಬೇಕನ್ ಹೊರಗಿನಿಂದ ನೋಡಿ ಬರೆದವರು, ಹೇ ಒಳಗಿನಿಂದ ಬರೆದವರು. ಎಲಿಯಟ್ ಅವರ ಕಾದಂಬರಿಯು ಮೂರನೆಯ ಒಂದು ಸ್ಥಾನದಲ್ಲಿ ನಿಂತು, ನೋಡಿಸಿಕೊಳ್ಳುವವನ ಮನಸ್ಸಿನಲ್ಲಿ ನೋಡುವವರ ಕಣ್ಣು ದಿನದಿನವೂ ಏನು ಮಾಡುತ್ತದೆ ಎಂಬುದನ್ನು ಹಿಡಿಯುತ್ತದೆ.

ಲೇಖಕಿ ಮತ್ತು ಕೃತಿ

ಜಾರ್ಜ್ ಎಲಿಯಟ್ ಎಂಬುದು 1819ರಲ್ಲಿ ವಾರಿಕ್‌ಶೈರಿನಲ್ಲಿ ಹುಟ್ಟಿದ ಮೇರಿ ಆನ್ ಇವಾನ್ಸ್ ಅವರು ತಳೆದ ಕಾವ್ಯನಾಮ. 1849ರ ಮೇ ತಿಂಗಳಿನಲ್ಲಿ ತಂದೆ ತೀರಿಕೊಂಡ ಬಳಿಕ ಅವರು ಜಿನೀವಾ ನಗರಕ್ಕೆ ಹೋಗಿ, ಆ ಚಳಿಗಾಲವನ್ನು ಫ್ರಾನ್ಸ್ವಾ ದಾಲ್ಬೆರ್ ದ್ಯುರಾದ್ ಎಂಬ ಚಿತ್ರಕಾರರ ಮನೆಯಲ್ಲಿ ಬಾಡಿಗೆಗಿದ್ದು ಕಳೆದರು. ಬಾಗಿದ ಬೆನ್ನಿನ, ತೀರ ಗಿಡ್ಡ ಆಳ್ತನದ ಈ ಕಲಾವಿದರು ಇವಾನ್ಸ್ ಅವರ ಭಾವಚಿತ್ರವನ್ನು ಬರೆದದ್ದಲ್ಲದೆ, ಮುಂದೆ 'ದಿ ಮಿಲ್ ಆನ್ ದ ಫ್ಲಾಸ್' ಸೇರಿದಂತೆ ಅವರ ಕಾದಂಬರಿಗಳನ್ನು ಫ್ರೆಂಚಿಗೆ ಅನುವಾದಿಸಿದರು. ಚಿತ್ರ ಬರೆಯುವ, ಸಂಗೀತ ಬಲ್ಲ, ಬಹಳಷ್ಟು ಓದಿಕೊಂಡ ಫಿಲಿಪನ ಹಿಂದೆ ಈ ಸ್ನೇಹದ ನೆನಪು ಇದೆಯೆಂದು ವಿದ್ವಾಂಸರು ಗುರುತಿಸಿದ್ದಾರೆ. ಹಾಗಿದ್ದಲ್ಲಿ, ಬೆನ್ನು ಬಾಗಿದವನೊಬ್ಬನನ್ನು ಆತನ ಮನೆಯ ಊಟದ ಮೇಜಿನಲ್ಲಿ ಎದುರು ಬದುರಾಗಿ ಕುಳಿತು ಬಲ್ಲವರು ಬರೆದ ಪಾತ್ರವಿದು ಎನ್ನಬಹುದು.

ಕಾದಂಬರಿ 1860ರ ಏಪ್ರಿಲ್‌ನಲ್ಲಿ ಮೂರು ಸಂಪುಟಗಳಲ್ಲಿ ಪ್ರಕಟವಾಯಿತು. ಫ್ಲಾಸ್ ನದಿಯ ದಡದ ಸೇಂಟ್ ಆಗ್ಸ್ ಎಂಬ ಕಲ್ಪಿತ ಊರಿನ ಬಳಿ ನೀರಿನಿಂದ ಓಡುವ ಹಿಟ್ಟಿನ ಗಿರಣಿಯ ಒಡೆಯ ಟಲಿವರ್, ಹೊಳೆಯ ನೀರಿನ ಹಕ್ಕಿಗಾಗಿ ಕೋರ್ಟು ಹತ್ತಿ, ಎದುರು ಕಕ್ಷಿಯ ವಕೀಲ ವೇಕಮ್‌ನ ಕೈಯಲ್ಲಿ ಸೋತು, ಗಿರಣಿಯನ್ನೂ ಅವನಿಗೇ ಕಳೆದುಕೊಂಡು, ಆ ವಂಶವನ್ನು ಎಂದಿಗೂ ಕ್ಷಮಿಸಬಾರದೆಂದು ಮಗ ಟಾಮನಿಂದ ಮನೆಯ ಬೈಬಲ್ಲಿನಲ್ಲಿ ಬರೆಸುತ್ತಾನೆ. ಆ ವಕೀಲನ ಒಬ್ಬನೇ ಪ್ರೀತಿಯ ಮಗ ಫಿಲಿಪ್, ಮತ್ತು ಅವನು ಪ್ರೀತಿಸುವವಳು ಟಾಮನ ತಂಗಿ ಮ್ಯಾಗಿ. ಹೀಗೆ ಎರಡು ಮನೆಗಳ ಹಗೆ ಮತ್ತು ಒಂದು ದೇಹದ ನ್ಯೂನತೆ ಒಂದೇ ಹಗ್ಗದ ಎಳೆಗಳಂತೆ ಹೊಸೆದುಕೊಳ್ಳುತ್ತವೆ.

ಪಾಠದ ಕೋಣೆಯಲ್ಲಿ ಇಬ್ಬರು ಹುಡುಗರು

ಫಿಲಿಪ್ ಮೊದಲು ಕಾಣಿಸಿಕೊಳ್ಳುವುದು ಪಾದ್ರಿ ಸ್ಟೆಲಿಂಗ್ ಅವರ ಮನೆಯಲ್ಲಿ, ಟಾಮ್ ಓದುತ್ತಿದ್ದ ಕೋಣೆಯಲ್ಲಿ. ಗುರುಗಳು ಇಬ್ಬರನ್ನೂ ಪರಿಚಯಿಸಿ ಹೊರಟುಹೋಗುತ್ತಾರೆ. ಟಾಮ್ ಬೆಂಕಿಯ ಬಳಿ ಮೈ ಕಾಯಿಸಿಕೊಳ್ಳುತ್ತ ಓರೆಗಣ್ಣಿನಿಂದ ನೋಡುತ್ತಾನೆ. ಫಿಲಿಪ್ ಕುಳಿತಲ್ಲಿಂದ ಏಳುವುದಿಲ್ಲ. ಮೇಲಿಂದ ನೋಡಿದರೆ ಇದು ಸೊಕ್ಕು. ಆದರೆ ಜನಕ್ಕೆ ತನ್ನನ್ನು ನೋಡುವುದೇ ಇಷ್ಟವಿಲ್ಲವೆಂಬುದನ್ನು ಅವನು ಆಗಲೇ ಕಲಿತಿದ್ದಾನೆ, ಮತ್ತು ನಡೆದಾಗ ತನ್ನ ಬೆನ್ನು ಇನ್ನಷ್ಟು ಎದ್ದು ಕಾಣುತ್ತದೆಂಬುದನ್ನೂ ಬಲ್ಲ. ಆದ್ದರಿಂದ ಕೈ ಕುಲುಕಲು ನಡೆಯಬೇಕಾದ ನಾಲ್ಕು ಹೆಜ್ಜೆ ಅವನಿಗೆ ನಾಲ್ಕು ಹರದಾರಿಯಾಗುತ್ತದೆ. ಬೇಕನ್ ಪ್ರಕೃತಿಯ ಕೊಡುಗೆಯೆಂದು ತಿಳಿದ 'ಸ್ವಭಾವ' ಇಲ್ಲಿ ಲೆಕ್ಕ ಹಾಕಿ ಕಲಿತ ಅಭ್ಯಾಸವಾಗಿ ಕಾಣಿಸುತ್ತದೆ. ಕುಳಿತಿರುವುದು, ಮೊದಲು ಮಾತಾಡದಿರುವುದು, ಮುಖವನ್ನು ಕಾಗದಕ್ಕೆ ತಿರುಗಿಸಿ ಏನನ್ನೋ ಗೀಚುತ್ತಿರುವುದು, ಎಲ್ಲವೂ ಇತರರ ನೋಟದಿಂದ ತಪ್ಪಿಸಿಕೊಳ್ಳಲು ಹುಡುಗನೊಬ್ಬ ಕಂಡುಕೊಂಡ ದಾರಿಗಳು.

ಇದೇ ಸಂದರ್ಭದಲ್ಲಿ ನಿರೂಪಕಿ ಒಂದು ಮುಖ್ಯ ಸಂಗತಿಯನ್ನು ತಿಳಿಸುತ್ತಾರೆ. ಫಿಲಿಪನ ಬೆನ್ನಿನ ಬಾಗು ಹುಟ್ಟಿನಿಂದ ಬಂದದ್ದಲ್ಲ, ಎಳೆಗೂಸಾಗಿದ್ದಾಗ ನಡೆದ ಅಪಘಾತದ ಫಲ. ಟಾಮನಿಗೆ ಈ ವ್ಯತ್ಯಾಸ ತಿಳಿಯದು. ವಕೀಲನ ದುಷ್ಟತನಕ್ಕೂ ಮಗನ ಗೂನಿಗೂ ಏನೋ ನಂಟಿರಬೇಕೆಂಬ ಮಸುಕಾದ ಎಣಿಕೆ ಅವನದು. ಅವನ ಹಿಂದಿನ ಶಾಲೆಯ ಬಳಿಯಿದ್ದ ಗೂನುಬೆನ್ನಿನ ದರ್ಜಿಯೊಬ್ಬನನ್ನು ಹುಡುಗರೆಲ್ಲ ಕೂಗಿ ಅಣಕಿಸುತ್ತಿದ್ದುದು, ಆ ದರ್ಜಿಯ ನಡತೆ ಕೆಟ್ಟದ್ದೆಂಬ ನೆಪದಲ್ಲಿ. ಕರ್ಮವೋ ದೈವದ ಶಿಕ್ಷೆಯೋ ಎಂಬ ವಿವರಣೆಗೆ ಎಡೆಯಿಲ್ಲದಂತೆ, ಬೆನ್ನಿನ ಕಾರಣವನ್ನು ಒಂದು ಆಕಸ್ಮಿಕಕ್ಕೆ ಇಳಿಸುವುದರ ಮೂಲಕ ಕಾದಂಬರಿಯು ದೇಹ ಮತ್ತು ಶೀಲಗಳ ಹಳೆಯ ಗಂಟನ್ನು ಕತ್ತರಿಸುತ್ತದೆ.

ಆ ಗಂಟು ಕತ್ತರಿಸಿದ ಮೇಲೆ ಉಳಿಯುವ ಫಿಲಿಪ್ ದೇವತೆಯೂ ಅಲ್ಲ. ಅವನು ಮುಂಗೋಪಿ, ಚುಚ್ಚುಮಾತಿನವನು. ಅವನು ಪಿಯಾನೋ ನುಡಿಸುತ್ತಿದ್ದಾಗ ಟಾಮ್ ಕವಾಯತಿನ ಮೇಷ್ಟ್ರ ಕತ್ತಿಯ ವರಸೆ ನೋಡಲು ಬಾ ಎಂದು ನುಗ್ಗಿದರೆ, ತನ್ನಿಂದ ಎಂದೂ ಆಗದ ಆಟಕ್ಕೆ ಕರೆದ ಅವನ ಮೇಲೆ ಫಿಲಿಪ್ ಸಿಡಿಯುತ್ತಾನೆ. ಟಾಮ್ ಅವನ ತಂದೆಯನ್ನು ಮೋಸಗಾರನೆಂದು ಕರೆದು ಹೊರಟುಹೋಗುತ್ತಾನೆ. ಒಬ್ಬನೇ ಬಿಕ್ಕುತ್ತಿದ್ದ ಹುಡುಗ ಗುರುಪತ್ನಿ ಬಂದು ಕೇಳಿದಾಗ ಹಲ್ಲುನೋವೆಂದು ಸುಳ್ಳು ಹೇಳುತ್ತಾನೆ, ಏಕೆಂದರೆ ಹಲ್ಲುನೋವಿಗೆ ಯಾರೂ ವಿವರಣೆ ಕೇಳುವುದಿಲ್ಲ.

ಕೆಲವು ಅಧ್ಯಾಯಗಳ ಅಂತರದಲ್ಲಿಯೇ ಕಥೆ ತಿರುಗುತ್ತದೆ. ಮ್ಯಾಗಿಯನ್ನು ಬೆರಗುಗೊಳಿಸಲು ಹೋದ ಟಾಮ್ ಅದೇ ಕತ್ತಿಯನ್ನು ಕಾಲಿನ ಮೇಲೆ ಬೀಳಿಸಿಕೊಂಡು ಹಾಸಿಗೆ ಹಿಡಿಯುತ್ತಾನೆ. ಜೀವನವಿಡೀ ಕುಂಟನಾಗಿಬಿಡುವೆನೋ ಎಂಬ ಭಯ ಅವನನ್ನು ತಿನ್ನುತ್ತಿದ್ದರೂ ಬಾಯಿಬಿಟ್ಟು ಕೇಳುವ ಧೈರ್ಯ ಅವನಿಗಿಲ್ಲ. ವೈದ್ಯರಿಗೂ ಗುರುಗಳಿಗೂ ಹುಡುಗನಿಗೆ ಒಂದು ಮಾತು ಹೇಳಬೇಕೆಂದು ಹೊಳೆಯುವುದಿಲ್ಲ. ಹೊಳೆಯುವುದು ಫಿಲಿಪನೊಬ್ಬನಿಗೆ. ಅವನು ಗುರುಗಳ ಬಳಿಗೆ ಹೋಗಿ ಟಾಮ್ ಕುಂಟನಾಗುವನೇ ಎಂದು ವಿಚಾರಿಸಿ, ಇಲ್ಲವೆಂಬ ಉತ್ತರ ಪಡೆದು, ಅದನ್ನು ಟಾಮನಿಗೆ ತಿಳಿಸಲು ಅನುಮತಿ ಕೇಳಿ, ತಾನೇ ಹೋಗಿ ಹೇಳುತ್ತಾನೆ. ತನಗೆ ಎಂದೂ ಸಿಗಲಾರದ ಸಮಾಧಾನವನ್ನು ತನ್ನನ್ನು ನೋಯಿಸಿದವನಿಗೆ ಒಯ್ದು ಮುಟ್ಟಿಸುವ ಈ ನಡೆಗೆ ಕಾದಂಬರಿಯು ದೊಡ್ಡ ಮಾತುಗಳ ಅಲಂಕಾರ ಮಾಡುವುದಿಲ್ಲ. ಆಮೇಲೆ ಹಾಸಿಗೆಯ ಬದಿಯಲ್ಲಿ ಕುಳಿತು ಅವನು ಹೇಳುವ ಕಥೆಗಳಲ್ಲಿ ಒಂದು ಗ್ರೀಕ್ ವೀರ ಫಿಲಾಕ್ಟೆಟೀಸನದು. ಕಾಲಿನ ಹುಣ್ಣಿನ ನೋವಿಗೆ ಚೀರುತ್ತಾನೆಂದು ಜೊತೆಗಾರರೇ ದ್ವೀಪವೊಂದರಲ್ಲಿ ಬಿಟ್ಟುಹೋದವನ ಕಥೆ. ಅದು ಗಾಯಗೊಂಡ ಟಾಮನಿಗೆ ಹೊಂದುವಷ್ಟೇ ಹೇಳುವವನಿಗೂ ಹೊಂದುತ್ತದೆ.

ಮರುಕ ಮತ್ತು ಸಹಾನುಭೂತಿ

ಈ ಕಥೆಯ ಬೆನ್ನಲ್ಲೇ ಬರುವ ಒಂದು ಸಣ್ಣ ಸಂಭಾಷಣೆ ಇಡೀ ಪಾತ್ರದ ಕೀಲಿಕೈ. ತನ್ನಂಥ ಅಣ್ಣನಿದ್ದಿದ್ದರೆ ಟಾಮನಷ್ಟೇ ಪ್ರೀತಿಸುತ್ತಿದ್ದೆಯಾ ಎಂದು ಫಿಲಿಪ್ ಮ್ಯಾಗಿಯನ್ನು ಕೇಳುತ್ತಾನೆ. ಅವಳು ಹೌದೆನ್ನುತ್ತಾಳೆ, ಆದರೆ ಅದಕ್ಕೆ ಸೇರಿಸಿ, ನಿನಗಾಗಿ ಬಹಳ ಮರುಗುತ್ತಿದ್ದೆ ಎನ್ನುತ್ತಾಳೆ. ಫಿಲಿಪನ ಮುಖ ಕೆಂಪಾಗುತ್ತದೆ. ತನ್ನ ಬೆನ್ನು ಹೀಗಿದ್ದರೂ ಪ್ರೀತಿಸುವೆಯಾ ಎಂಬುದೇ ಅವನ ಪ್ರಶ್ನೆಯ ಒಳಗಿದ್ದ ಪ್ರಶ್ನೆ; ಆದರೂ ಅವಳು ಅದನ್ನು ಮುಟ್ಟಿದ ಕೂಡಲೇ ಅವನು ಹಿಮ್ಮೆಟ್ಟುತ್ತಾನೆ. ಚಿಕ್ಕವಳಾದರೂ ಮ್ಯಾಗಿಗೆ ತಪ್ಪು ತಿಳಿಯುತ್ತದೆ. ಬೈಗುಳ ತಟ್ಟುವ ಜಾಗ ಬೇರೆ, ಮರುಕ ತಟ್ಟುವ ಜಾಗ ಬೇರೆ ಎಂಬುದನ್ನು ಈ ಒಂದು ಕ್ಷಣ ತೋರಿಸುತ್ತದೆ. ಟಾಮನ ಒರಟುತನಕ್ಕೆ ಫಿಲಿಪ್ ಕೋಪದಿಂದ ಉತ್ತರಿಸಬಲ್ಲ, ಮ್ಯಾಗಿಯ ಮರುಕಕ್ಕೆ ಅವನಲ್ಲಿ ಉತ್ತರವಿಲ್ಲ.

ಮರುಕವೆಂದರೆ ಸುರಕ್ಷಿತವಾಗಿರುವವನು ಕೆಳಗೆ ನೋಡಿ ಕರಗುವುದು. ಸಹಾನುಭೂತಿಯೆಂದರೆ, ಪದವೇ ಹೇಳುವಂತೆ, ಇನ್ನೊಬ್ಬನ ಅನುಭವದಲ್ಲಿ ಜೊತೆಗೂಡುವುದು. 1856ರ ಒಂದು ಲೇಖನದಲ್ಲಿಯೇ ಎಲಿಯಟ್ ಅವರು ಕಲೆಯಿಂದ ದೊರೆಯುವ ಅತಿ ದೊಡ್ಡ ಉಪಕಾರ ಸಹಾನುಭೂತಿಯ ವಿಸ್ತಾರವೆಂದು ವಾದಿಸಿದ್ದರು. ಆದರೆ ಕಾದಂಬರಿಗಾರ್ತಿಯಾಗಿ ಅವರು ಆ ವಾದವನ್ನು ಸುಲಭ ಮಾಡಿಕೊಳ್ಳಲಿಲ್ಲ. ಮ್ಯಾಗಿಗೆ ಕತ್ತು ತಿರುಚಿದ ಕುರಿಮರಿಗಳ ಮೇಲೆ ಹೆಚ್ಚು ಅಕ್ಕರೆ, ಏಕೆಂದರೆ ಅವು ಮುದ್ದಿಸಿಕೊಳ್ಳಲು ಹೆಚ್ಚು ಹಂಬಲಿಸುತ್ತವೆ ಎಂದು ಅವರು ಬರೆಯುತ್ತಾರೆ. ಫಿಲಿಪನ ಮೇಲಿನ ಅವಳ ಒಲವಿನ ಬೇರು ಎಲ್ಲಿದೆ ಎಂಬುದನ್ನು ಓದುಗರಿಂದ ಮರೆಮಾಚದಿರುವುದು ಲೇಖಕಿಯ ಪ್ರಾಮಾಣಿಕತೆ.

ಆ ಒಲವಿಗೆ ಇನ್ನೊಂದು ಬೇರೂ ಇದೆ. ಫಿಲಿಪನ ನವಿರಾದ ಮನಸ್ಸನ್ನು ಆ ಕಾಲದ ರೂಢಿಯಂತೆ ಕಾದಂಬರಿಯು ಅರ್ಧ ಹೆಣ್ಣುತನವೆಂದು ಗುರುತಿಸುತ್ತದೆ. ಓಟ, ಕತ್ತಿವರಸೆ, ವ್ಯಾಪಾರಗಳಲ್ಲಿ ಗಂಡಸುತನವನ್ನು ಅಳೆಯುವ ಊರಿನಲ್ಲಿ ಅವನಿಗೆ ಜಾಗವಿಲ್ಲ. ಇತ್ತ ಮ್ಯಾಗಿ ಅಣ್ಣನಿಗಿಂತ ಬೇಗ ಲ್ಯಾಟಿನ್ ಹಿಡಿಯಬಲ್ಲವಳಾದರೂ, ಹೆಣ್ಣುಮಕ್ಕಳ ಬುದ್ಧಿ ಚುರುಕು ಆದರೆ ಆಳವಿಲ್ಲದ್ದೆಂದು ಅದೇ ಗುರುಗಳಿಂದ ಕೇಳಿಸಿಕೊಂಡವಳು. ಬೆನ್ನಿನ ಕಾರಣಕ್ಕೆ ಒಬ್ಬ, ಹೆಣ್ಣೆಂಬ ಕಾರಣಕ್ಕೆ ಒಬ್ಬಳು, ಮನಸ್ಸಿಗೆ ತಕ್ಕ ಬದುಕು ಸಿಗದೆ ಹೊರಗುಳಿದವರು. ಈ ಸಾಮ್ಯದಲ್ಲಿ ಹುಟ್ಟುವ ಸ್ನೇಹ ಮರುಕವನ್ನು ದಾಟಬಲ್ಲದ್ದಾಗಿತ್ತು.

ರೆಡ್ ಡೀಪ್ಸ್‌ನ ಒಂದು ವರ್ಷ

ತಂದೆಯ ಸೋಲಿನ ಬಳಿಕ ಮ್ಯಾಗಿ ಹದಿನೈದನೆಯ ಶತಮಾನದ ಕ್ರೈಸ್ತ ಸನ್ಯಾಸಿ ಥಾಮಸ್ ಎ ಕೆಂಪಿಸ್‌ನ ಬರಹವನ್ನು ಹಿಡಿದು, ಎಲ್ಲ ಆಸೆಗಳನ್ನೂ ತೊರೆಯುವ ವ್ರತಕ್ಕೆ ಇಳಿಯುತ್ತಾಳೆ. ರೆಡ್ ಡೀಪ್ಸ್ ಎಂಬ, ಪೈನ್ ಜಾತಿಯ ಮರಗಳು ಬೆಳೆದ ಹಳ್ಳಕೊಳ್ಳದಲ್ಲಿ ಫಿಲಿಪ್ ಅವಳನ್ನು ಕಂಡು, ಪುಸ್ತಕಗಳನ್ನು ತಂದುಕೊಟ್ಟು, ಇದು ತ್ಯಾಗವಲ್ಲ, ಜೀವವನ್ನು ಮರಗಟ್ಟಿಸಿಕೊಳ್ಳುವುದು ಎಂದು ವಾದಿಸುತ್ತಾನೆ. ವಾದ ಸರಿಯಾದದ್ದೇ. ಆದರೆ ಆ ವಾದದ ಹಿಂದೆ ಅವಳನ್ನು ಗುಟ್ಟಾಗಿ ಕಾಣುತ್ತಿರಬೇಕೆಂಬ ಸ್ವಾರ್ಥವಿದೆ, ಅದು ಅವಳಿಗೆ ತರಬಹುದಾದ ಕೇಡು ತನಗೆ ಗೊತ್ತಿದ್ದೂ ಅವನು ಒತ್ತಾಯಿಸುತ್ತಾನೆ. ಇಲ್ಲಿ ನಿರೂಪಕಿ ತಡೆದು ನಿಂತು, ಚೆಲುವಿಗೆ ಪ್ರಲೋಭನೆಗಳಿರುವಂತೆ ಕುರೂಪಕ್ಕೂ ಇವೆ, ಅವು ತುಂಬಿದ ಎಲೆಯ ಮುಂದೆ ಕುಳಿತವನ ಪ್ರಲೋಭನೆಗಳಲ್ಲ, ಹಸಿದವನ ಪ್ರಲೋಭನೆಗಳು ಎಂಬ ಆಶಯದ ವಿಚಾರವನ್ನು ಮಂಡಿಸುತ್ತಾರೆ. ತಾಯಿಯ ಪ್ರೀತಿಯನ್ನೂ ಕಾಣದೆ ಬೆಳೆದ ಒಬ್ಬ ತರುಣ ಹಸಿವಿನಲ್ಲಿ ಕೈಚಾಚಿದನೆಂದು ತಿಳಿಯಬೇಕೇ ಹೊರತು, ನೋವು ತಿಂದವನು ಋಷಿಯೇ ಆಗಿರಬೇಕೆಂದು ನಿರೀಕ್ಷಿಸುವುದು ಇನ್ನೊಂದು ಬಗೆಯ ಅನ್ಯಾಯ. ಟೈನಿ ಟಿಮ್‌ನ ಅಚ್ಚು ಮುರಿಯುವುದು ಈ ಮಾತಿನಲ್ಲಿ.

ಒಂದು ವರ್ಷದ ಕೊನೆಗೆ ಫಿಲಿಪ್ ತನ್ನ ಪ್ರೇಮವನ್ನು ಹೇಳಿಕೊಂಡಾಗ, ಎತ್ತರದ ಮ್ಯಾಗಿ ಬಾಗಿ ಅವನ ಬಿಳಿಚಿದ ಮುಖವನ್ನು ಚುಂಬಿಸುತ್ತಾಳೆ. ಆ ಬಾಗುವಿಕೆಯಲ್ಲಿ ಪ್ರೀತಿಯೂ ಇದೆ, ಮರುಕವೂ ಇದೆ. ಎರಡನ್ನೂ ಬಿಡಿಸಲು ಅವಳಿಗೂ ಬಾರದು. ಸುದ್ದಿ ತಿಳಿದ ಟಾಮ್ ಅಲ್ಲಿಗೇ ಹೋಗಿ ತಂಗಿಯ ಎದುರಿನಲ್ಲಿ ಫಿಲಿಪನ ದೇಹವನ್ನೇ ಹಿಡಿದು ಜರೆದು ಅವರನ್ನು ಬೇರ್ಪಡಿಸುತ್ತಾನೆ. ಅಣ್ಣನ ಕ್ರೌರ್ಯಕ್ಕೆ ಕುದಿಯುವ ಮ್ಯಾಗಿಯ ಮನಸ್ಸಿನ ತಳದಲ್ಲಿ, ಈ ಅಗಲಿಕೆಯಿಂದ ಏನೋ ಒಂದು ಬಿಡುಗಡೆಯ ಎಳೆಯೂ ಹಾಯುತ್ತದೆಂದು ಲೇಖಕಿ ಒಂದೇ ಮಾತಿನಲ್ಲಿ ತಿಳಿಸುತ್ತಾರೆ. ಫಿಲಿಪನಿಗೆ ಇದು ಎಂದೂ ತಿಳಿಯುವುದಿಲ್ಲ, ಓದುಗನಿಗೆ ತಿಳಿಯುತ್ತದೆ. ಟಾಮನ ಬೈಗುಳಕ್ಕಿಂತ ಈ ತಿಳಿವಳಿಕೆಯೇ ಓದುಗನನ್ನು ಹೆಚ್ಚು ನೋಯಿಸುತ್ತದೆ.

ಮುಂದೆ ಚೆಲುವನೂ ಸಿರಿವಂತನೂ ಆದ ಸ್ಟೀಫನ್ ಗೆಸ್ಟ್ ಮತ್ತು ಮ್ಯಾಗಿಯ ನಡುವಿನ ಸೆಳೆತವನ್ನು ಯಾರಿಗಿಂತ ಮೊದಲು ಕಾಣುವವನು ಫಿಲಿಪನೇ, ಏಕೆಂದರೆ ಬಾಲ್ಯದಿಂದ ಇತರರ ಕಣ್ಣುಗಳನ್ನು ಓದಿಯೇ ಬದುಕಿದವನು ಅವನು. ಕಾಯ್ದುಕೊಳ್ಳಲೆಂದು ಕಲಿತ ವಿದ್ಯೆಯೇ ಅವನನ್ನು ಕೊನೆಗೆ ಇರಿಯುತ್ತದೆ.

ಕಾಗದ, ಮತ್ತು ಒಂಟಿತನ

ಸ್ಟೀಫನ್‌ನೊಡನೆ ದೋಣಿಯಲ್ಲಿ ಕೊಚ್ಚಿಹೋಗಿ, ಅವನನ್ನು ಬಿಟ್ಟು ಊರಿಗೆ ಮರಳಿದ ಮ್ಯಾಗಿಯನ್ನು ಊರೆಲ್ಲ ಹೊರಗಿಟ್ಟಾಗ, ಟಾಮ್ ಮನೆಯ ಬಾಗಿಲು ಮುಚ್ಚಿದಾಗ, ಫಿಲಿಪ್ ಅವಳಿಗೊಂದು ಕಾಗದ ಬರೆಯುತ್ತಾನೆ. ಅವಳಲ್ಲಿ ತನಗೆ ನಂಬಿಕೆಯಿದೆಯೆಂದೂ, ಅವಳನ್ನು ಪ್ರೀತಿಸಿದ್ದರಿಂದ ತನ್ನ ಜೀವ ತನ್ನೊಬ್ಬನ ನೋವಿನ ಆವರಣವನ್ನು ದಾಟಿ ಇನ್ನೊಬ್ಬರ ಬದುಕಿನಲ್ಲಿ ಬಾಳಲು ಕಲಿತಿತೆಂದೂ, ತನಗಾಗಿ ಅವಳು ಕೊರಗಬಾರದೆಂದೂ ಅದರ ತಾತ್ಪರ್ಯ. ಬಾಲ್ಯದಲ್ಲಿ ಮರುಕವನ್ನು ಪಡೆದು ಸುಟ್ಟುಕೊಂಡವನು, ತನ್ನ ಸರದಿ ಬಂದಾಗ ಮರುಕವನ್ನಲ್ಲ, ನಂಬಿಕೆಯನ್ನು ಕೊಡುತ್ತಾನೆ. ಪ್ರವಾಹದಲ್ಲಿ ಅಣ್ಣತಂಗಿಯರು ಮುಳುಗಿದ ಮೇಲೆ ಅವರ ಸಮಾಧಿಗೆ ಇಬ್ಬರು ಗಂಡಸರು ಬರುತ್ತಾರೆ. ವರ್ಷಗಳ ಮೇಲೆ ಒಬ್ಬನ ಪಕ್ಕದಲ್ಲಿ ಹೆಣ್ಣೊಬ್ಬಳಿರುತ್ತಾಳೆ, ಇನ್ನೊಬ್ಬ ಎಂದಿಗೂ ಒಂಟಿ, ಅವನಿಗೆ ರೆಡ್ ಡೀಪ್ಸ್‌ನ ಮರಗಳೇ ಜೊತೆ.

ಈ ಕೊನೆಯನ್ನು ಪ್ರಶ್ನಿಸುವ ಹಕ್ಕು ಇಂದಿನ ಓದುಗನಿಗಿದೆ. ಬ್ರಿಟನ್ನಿನ ಅಂಗವಿಕಲರ ಸಂಘಟನೆಯೊಂದು 1976ರಲ್ಲಿ ದೇಹದಲ್ಲಿರುವ ನ್ಯೂನತೆ ಬೇರೆ, ಆ ನ್ಯೂನತೆಯವರನ್ನು ಹೊರಗಿಟ್ಟು ಸಮಾಜ ಉಂಟುಮಾಡುವ ವೈಕಲ್ಯ ಬೇರೆ ಎಂದು ವಿಂಗಡಿಸಿತು. ಮುಂದೆ ಇದಕ್ಕೆ ವೈಕಲ್ಯದ ಸಾಮಾಜಿಕ ಮಾದರಿ ಎಂಬ ಹೆಸರು ಬಂತು. ಡೇವಿಡ್ ಮಿಚೆಲ್ ಮತ್ತು ಶಾರನ್ ಸ್ನೈಡರ್ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಥನಗಳು ವೈಕಲ್ಯವನ್ನು ಊರುಗೋಲಿನಂತೆ ಬಳಸಿ, ಕೆಲಸ ಮುಗಿದ ಮೇಲೆ ಬದಿಗಿಡುತ್ತವೆಂದು ವಿಶ್ಲೇಷಿಸಿದರು. ಫಿಲಿಪನ ವಿಷಯದಲ್ಲಿಯೂ ಈ ಆಪಾದನೆ ಸ್ವಲ್ಪಮಟ್ಟಿಗೆ ನಿಲ್ಲುತ್ತದೆ. ಅವನ ಚಿತ್ರಕಲೆ ಒಂದು ವೃತ್ತಿಯಾಗಿ ಬೆಳೆಯುವುದನ್ನು ಕಾದಂಬರಿ ಕಲ್ಪಿಸುವುದಿಲ್ಲ. ಬಾಗಿದ ಬೆನ್ನಿನ ದ್ಯುರಾದ್ ಅವರಿಗೆ ಜಿನೀವಾದಲ್ಲಿ ಕಸುಬು, ಮಡದಿ, ಅತಿಥಿಗಳಿಂದ ತುಂಬಿದ ಮನೆ ಇದ್ದುದನ್ನು ಕಣ್ಣಾರೆ ಕಂಡ ಲೇಖಕಿಯೇ ಫಿಲಿಪನಿಗೆ ಮರಗಳ ಜೊತೆಯನ್ನಷ್ಟೇ ಕೊಟ್ಟರು. ಕಾದಂಬರಿಯ ಕಲ್ಪನೆ ಇಲ್ಲಿ ಬದುಕಿಗಿಂತ ಹಿಂದೆ ಬಿತ್ತು.

ಆದರೂ ದೇಹದ ನ್ಯೂನತೆ ಎಲ್ಲಿ ಮುಗಿಯುತ್ತದೆ, ಇತರರ ಕಣ್ಣು ಮಾಡುವ ಹಾನಿ ಎಲ್ಲಿ ಶುರುವಾಗುತ್ತದೆ ಎಂಬ ಗೆರೆಯನ್ನು, ಅದಕ್ಕೆ ಹೆಸರು ಹುಟ್ಟುವ ನೂರು ವರ್ಷಕ್ಕೂ ಮೊದಲು, ಎಳೆದು ತೋರಿಸಿದ ಕೃತಿ ಇದೇ. ಆ ಹಾನಿಗೆ ಉತ್ತರವೂ ಫಿಲಿಪ್ ಮೊದಲು ಕಾಣಿಸಿಕೊಳ್ಳುವ ದೃಶ್ಯದಲ್ಲಿಯೇ ಇದೆ. ಪಾಠದ ಕೋಣೆಯಲ್ಲಿ ಇಬ್ಬರು ಹುಡುಗರು ದೂರ ದೂರ ಉಳಿದ ಆ ಗಳಿಗೆಯನ್ನು ಮುರಿದದ್ದು ಯಾವ ಸದ್ಗುಣವೂ ಅಲ್ಲ, ಬರೀ ಕುತೂಹಲ. ಫಿಲಿಪ್ ಏನು ಗೀಚುತ್ತಿದ್ದಾನೆಂದು ತಡೆಯಲಾರದೆ ಟಾಮ್ ನಡೆದುಹೋಗಿ ಇಣುಕುತ್ತಾನೆ. ಬುಟ್ಟಿ ಹೊತ್ತ ಕತ್ತೆ, ಒಂದು ನಾಯಿ, ಪೈರಿನ ನಡುವೆ ಕೌಜುಗ ಹಕ್ಕಿಗಳು. ತನಗೂ ಹೀಗೆ ಬರೆಯಲು ಬಂದರೆ ಎಂದು ಅವನು ಆಸೆಪಡುತ್ತಾನೆ. ಆ ಕೆಲವು ನಿಮಿಷಗಳಲ್ಲಿ ಕೋಣೆಯಲ್ಲಿ ಗೂನನಿರಲಿಲ್ಲ, ಚಿತ್ರ ಬರೆಯಬಲ್ಲ ಒಬ್ಬ ಹುಡುಗನಿದ್ದ.